ಬಚ್ಚಿಟ್ಟ ಬಿಳಿ ಚೆಂಡು

“ಆ ಕ್ಯೂ ಮುಟ್ಟಬೇಡಿ,” ಎಂದಳು ಇನ್ಸ್‌ಪೆಕ್ಟರ್.

ಉದ್ದಗೈ ಎಂದು ಎಲ್ಲರೂ ಕರೆಯುತ್ತಿದ್ದ ಆ ಮುದುಕನಿಗೆ ಮುಟ್ಟುವ ಇರಾದೆಯೇ ಇರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೂಲ್ ಟೇಬಲ್ಲಿನ ಮೇಲೆ ಅಡ್ಡಡ್ಡ ಮಲಗಿದ್ದ ಕ್ಯೂ ಕೋಲಿನ ಕಡೆ ಬಗ್ಗಿ ನೋಡುತ್ತಿದ್ದ. ಹಿಡಿಗೆ ಸುತ್ತಿದ್ದ ಕಪ್ಪು ದಾರ ಒಂದು ಮಗ್ಗುಲಲ್ಲಿ ಸವೆದು, ಒಳಗಿನ ಮರ ಕಾಣುತ್ತಿತ್ತು.

“ನಂದೇ,” ಎಂದ. “ಆ ದಾರ ಸುತ್ತಿಕೊಟ್ಟಿದ್ದು ನಮ್ಮಕ್ಕ.”

ಇನ್ಸ್‌ಪೆಕ್ಟರಿಗೆ ತುಸು ನಿರಾಸೆಯೇ ಆಯಿತು. ಈತ ಇಲ್ಲ ಎನ್ನುತ್ತಾನೆ, ಆಗ ಬೆರಳಚ್ಚಿನ ಮಾತು ತೆಗೆದು ಬಾಯಿ ಬಿಡಿಸೋಣ ಎಂದು ಬೆಳಗಿನಿಂದ ಲೆಕ್ಕ ಹಾಕಿಕೊಂಡು ಬಂದಿದ್ದಳು. ಎದುರಿಗಿದ್ದವನು ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟಿದ್ದ.

ಪೂಲ್ ಆಟದ ನಿಯಮ ಸಮಿತಿಗೆ ಬಹುಕಾಲ ಮುಖ್ಯಸ್ಥರಾಗಿದ್ದ ಹಿರಿಯ ರೆಫರಿ, ತಮ್ಮದೇ ಮನೆಯ ಈ ನೆಲಮಾಳಿಗೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತು ಇನ್ನೂ ವಾರ ತುಂಬಿರಲಿಲ್ಲ. ಅದು ಜಾರಿ ಬಿದ್ದ ಸಾವಲ್ಲ, ಯಾರೋ ದಬ್ಬಿದ್ದಾರೆ ಎಂದು ವೈದ್ಯರು ಹೇಳಿದ ಮೇಲೆ ಪ್ರಕರಣ ಅವಳ ಕೈಗೆ ಬಂದಿತ್ತು.

ಕೋಣೆಯ ಮಾಡು ತಗ್ಗು. ಟೇಬಲ್ಲಿನ ಮೇಲೆ ಒಂದೇ ಉದ್ದನೆಯ ದೀಪ. ಗೋಡೆಯ ಮೇಲ್ತುದಿಯಲ್ಲಿ ಒಂದು ಅಗಲ ಕಿಟಕಿ, ಅದರಾಚೆ ರಸ್ತೆ. ಅಲ್ಲಿ ಹೋಗಿಬರುವವರ ಮುಖ ಕಾಣುವುದಿಲ್ಲ, ಚಪ್ಪಲಿ ಬೂಟುಗಳಷ್ಟೇ ಕಾಣುತ್ತವೆ. ಮಧ್ಯಾಹ್ನದ ಬೆಳಕು ಆ ಕಾಲುಗಳ ನಡುವೆ ತೂರಿಕೊಂಡು ಹಸಿರು ಬಟ್ಟೆಯ ಮೇಲೆ ಬೀಳುತ್ತಿತ್ತು. ಚೆಂಡುಗಳನ್ನು ಪೊಲೀಸರು ಕದಲಿಸಿರಲಿಲ್ಲ. ಒಂದೊಂದರ ಪಕ್ಕಕ್ಕೂ ಒಂದೊಂದು ಚೀಟಿ ಇಟ್ಟು ಬಿಟ್ಟಿದ್ದರು.

ಉದ್ದಗೈ ಎಂಬ ಹೆಸರು ಆತನಿಗೆ ಆಟದವರು ಇಟ್ಟಿದ್ದು. ಟೇಬಲ್ಲಿನ ಯಾವ ಮೂಲೆಯಲ್ಲಿ ಚೆಂಡಿದ್ದರೂ ಈತನ ಕೈ ಅಲ್ಲಿಗೆ ಮುಟ್ಟುತ್ತಿತ್ತಂತೆ. ಒಂದು ಕಾಲಕ್ಕೆ ಚಾಂಪಿಯನ್. ಈಗ ಅರವತ್ತು ದಾಟಿದ, ಕಿವಿಯ ಬಳಿ ಮಾತ್ರ ಕೂದಲುಳಿದ, ಸೋಫಾ ಹೊಲಿಯುವ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಸತ್ತ ರೆಫರಿ ಈತನ ಅಕ್ಕನ ಗಂಡ. ಭಾವ, ಭಾವಮೈದುನರ ನಡುವೆ ಮಾತು ನಿಂತು ವರ್ಷಗಳಾಗಿದ್ದವು ಎನ್ನುವುದು ಆಟದವರಿಗೆಲ್ಲ ಗೊತ್ತಿದ್ದ ವಿಷಯ.

“ಇದು ನಿಮ್ಮ ಕ್ಯೂ. ನಿಮ್ಮ ಭಾವನ ಹೆಣ ಸಿಕ್ಕಾಗ ಈ ಟೇಬಲ್ ಮೇಲಿತ್ತು. ಇಲ್ಲಿಗೆ ಹೇಗೆ ಬಂತು?”

“ನಾನೇ ಬಿಟ್ಟುಹೋಗಿದ್ದೆ. ಮತ್ತೆ ಈ ಮನೆ ಮೆಟ್ಟಿಲು ಹತ್ತಲಿಲ್ಲ. ಇವತ್ತು ನೀವು ಕರೆಸಿದ್ರಿ, ಬಂದೆ.”

“ಯಾವಾಗ ಬಿಟ್ಟುಹೋಗಿದ್ದು?”

“ಭಾವ ಆಟ ಬದಲಾಯಿಸಿದ ಮಾರನೇ ವರ್ಷ.”

ಮೇಲಿನ ಅಂತಸ್ತಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಉದ್ದಗೈ ತಲೆ ಎತ್ತಿ ಮಾಡನ್ನು ನೋಡಿ, ಮತ್ತೆ ತಗ್ಗಿಸಿದ. ಮೇಲೆ ಅವನ ಅಕ್ಕ ಇದ್ದಳು, ಅಕ್ಕನ ಮಗಳೂ ಇದ್ದಳು. ಇಬ್ಬರನ್ನೂ ನೋಡಿ ಬರುತ್ತೀರಾ ಎಂದು ಇನ್ಸ್‌ಪೆಕ್ಟರ್ ಬಾಗಿಲಲ್ಲೇ ಕೇಳಿದ್ದಳು. ಕೆಳಗಿನದು ಮುಗಿಯಲಿ ಎಂದಿದ್ದ.

ಕ್ಯೂ ಒಂದೇ ಆಗಿದ್ದರೆ ಅವಳು ಇಷ್ಟು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಟೇಬಲ್ಲಿನ ಮೇಲೆಯೇ ಇತ್ತು. ಟೇಬಲ್ಲಿನ ಒಂದು ತುದಿಗೆ ಬಟ್ಟೆಯ ಮೇಲೆ ಅಂಟಿಸಿದ ಸಣ್ಣ ಕಪ್ಪು ಚುಕ್ಕೆ. ಆ ಚುಕ್ಕೆಯ ನೆತ್ತಿಯ ಮೇಲೆ, ಅಳೆದು ಇಟ್ಟ ಹಾಗೆ, ನಾಲ್ಕನೇ ನಂಬರಿನ ಚೆಂಡು.

ಸಂಘದಿಂದ ಕರೆಸಿದ್ದ ಕಿರಿಯ ರೆಫರಿ ಅದನ್ನು ನೋಡಿದವನೇ ಹುಬ್ಬೇರಿಸಿದ್ದ. ಆಟದಲ್ಲಿ ಒಂದರಿಂದ ಒಂಬತ್ತರ ತನಕ ಚೆಂಡುಗಳು; ಟೇಬಲ್ಲಿನ ಮೇಲಿರುವುದರಲ್ಲಿ ಅತಿ ಚಿಕ್ಕ ನಂಬರಿಗೇ ಕೋಲಿನಿಂದ ಹೊಡೆದ ಬಿಳಿ ಚೆಂಡು ಮೊದಲು ತಾಗಬೇಕು, ಒಂಬತ್ತನ್ನು ಪಾಕೆಟ್ಟಿಗೆ ಇಳಿಸಿದವನು ಗೆದ್ದ. ಇವತ್ತಿನ ಆಟದಲ್ಲಿ ಫೌಲ್ ಆಗಿ ಮಧ್ಯದ ನಂಬರೊಂದು ಪಾಕೆಟ್ಟಿಗೆ ಬಿದ್ದರೆ ಅದು ಬಿದ್ದ ಹಾಗೆಯೇ. ಹಳೆಯ ಆಟದಲ್ಲಿ ಮಾತ್ರ ಅದನ್ನು ಹೊರತೆಗೆದು ಚುಕ್ಕೆಯ ಮೇಲೆ ಇಡುತ್ತಿದ್ದರು. ಹಾಗಾಗಿ ಇಲ್ಲಿ ನಡೆಯುತ್ತಿದ್ದದ್ದು ಹಳೆಯ ಆಟ ಎಂದು ಅವನು ತೀರ್ಪು ಕೊಟ್ಟಿದ್ದ. ಈಗಿನ ಹುಡುಗರಿಗೆ ಅದು ಬರುವುದಿಲ್ಲ ಎಂದೂ ಸೇರಿಸಿದ್ದ.

ಸತ್ತ ರೆಫರಿಯ ಎದುರು ನಿಂತು ಹಳೆಯ ಆಟ ಆಡುವವರು ಯಾರಿದ್ದಾರೆ ಎಂದು ಅವಳು ಕೇಳಿದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂದಿತ್ತು.

ಅದೆಲ್ಲವನ್ನೂ ಅವಳು ಈಗ ಮುಚ್ಚುಮರೆ ಇಲ್ಲದೆ ಉದ್ದಗೈಯ ಮುಂದಿಟ್ಟಳು.

“ಮೇಡಂ, ನೀವು ಈ ಆಟ ನೋಡ್ತೀರಾ?”

“ನಾನಿಲ್ಲ. ನಮ್ಮತ್ತೆ ನೋಡ್ತಾರೆ, ಟಿವಿಯಲ್ಲಿ.”

“ಏನಂತಾರೆ ಅವರು?”

“ಬಿಳಿ ಚೆಂಡು ಕೈಗೆ ಬಂತು ಅಂದ್ರೆ ಕತೆ ಮುಗೀತು ಅಂತಾರೆ.”

ಉದ್ದಗೈ ಮೊದಲ ಸಲ ನಕ್ಕ. ಭಾವ ಪುಟಗಟ್ಟಲೆ ಬರೆದದ್ದನ್ನು ನಿಮ್ಮತ್ತೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು ಎಂದ.

ಆಮೇಲೆ ಹಳೆಯ ಆಟ ಹೇಗಿತ್ತೆಂದು ಹೇಳಿದ. ಹೇಳುವಾಗ ಕೈಗಳು ತಾವಾಗಿಯೇ ಬೆನ್ನ ಹಿಂದಿನಿಂದ ಮುಂದಕ್ಕೆ ಬಂದವು.

ಆಗೆಲ್ಲ ನಿಮ್ಮ ಸರದಿ ಬಂದಾಗ ಹೊಡೆಯಬೇಕಾದ ಚೆಂಡು ಇನ್ನೊಂದರ ಹಿಂದೆ ಮರೆಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬಿಳಿ ಚೆಂಡನ್ನು ನಿಮಗೆ ಬೇಕಾದ ಕಡೆ ಮೆಲ್ಲಗೆ ಉರುಳಿಸಿ, ಎದುರಾಳಿಯ ಮುಖ ನೋಡಿ ಕೇಳಬಹುದಿತ್ತು: ನೀನು ಹೊಡೀತೀಯೋ, ನಾನು ಹೊಡೀಲೋ? ಅದಕ್ಕೆ ದಂಡವಿಲ್ಲ. ಜಾಣತನವೆಲ್ಲ ಎಲ್ಲಿಗೆ ಉರುಳಿಸುತ್ತೀರಿ ಎನ್ನುವುದರಲ್ಲಿ. ಸುಲಭದ ಜಾಗಕ್ಕೆ ಉರುಳಿಸಿದರೆ ಅವನೇ ಹೊಡೆದುಕೊಂಡು ಹೋಗುತ್ತಾನೆ. ತೀರಾ ಕಷ್ಟದ ಜಾಗಕ್ಕೆ ಉರುಳಿಸಿದರೆ ನೀನೇ ಹೊಡಿ ಎಂದು ನಿಮಗೇ ಬಿಡುತ್ತಾನೆ. ಅವನಿಗೆ ಧೈರ್ಯ ಸಾಲದ, ನಿಮಗೆ ಸಾಲುವ ಜಾಗವೊಂದನ್ನು ಹುಡುಕಬೇಕು.

“ನಂಗೆ ಆ ಜಾಗ ಕಾಣ್ತಿತ್ತು,” ಎಂದ. “ಎದುರಿಗಿರೋನು ಎಲ್ಲಿ ಹೆದರ್ತಾನೆ ಅಂತ ಮೂಗು ನೋಡಿದ್ರೆ ಗೊತ್ತಾಗ್ತಿತ್ತು. ಆಮೇಲೆ ಹೊಡೀಬೇಕು, ಅದು ಬೇರೆ ಮಾತು.”

ಅದರಿಂದಲೇ ಅವನು ಚಾಂಪಿಯನ್ ಆಗಿದ್ದ. ಒಂದೊಂದು ಆಟವೂ ಒಂದು ದೊಡ್ಡ ಸಂಭಾಷಣೆಯಂತೆ ಎಳೆಯುತ್ತಿತ್ತು. ಆದರೆ ಕುಳಿತು ನೋಡುವವರು ವರ್ಷವರ್ಷಕ್ಕೂ ಕಡಿಮೆಯಾದರು. ಹಾಲ್‌ಗಳಿಗೆ ಬೀಗ ಬಿತ್ತು. ಭಾವ ನಿಯಮ ಸಮಿತಿಗೆ ಬಂದವರೇ ಒಂದೇ ಒಂದು ಸಾಲು ತಿದ್ದಿದರು: ಹೊಡೆಯಬೇಕಾದ ಚೆಂಡು ತಾಗದಿದ್ದರೆ ಅದು ಫೌಲ್, ಫೌಲ್ ಆದರೆ ಬಿಳಿ ಚೆಂಡು ಎದುರಾಳಿಯ ಕೈಗೆ, ಅವನು ತನಗೆ ಬೇಕಾದಲ್ಲಿ ಇಟ್ಟುಕೊಂಡು ಹೊಡೆಯಬಹುದು.

ಒಂದು ಸಾಲಿನಿಂದ ಆಟದ ಸ್ವಭಾವವೇ ತಿರುಗಿತು. ಕಷ್ಟದ ಹೊಡೆತಕ್ಕೆ ಕೈ ಹಾಕುವುದು ದಡ್ಡತನವಾಯಿತು. ಬಿಳಿ ಚೆಂಡನ್ನು ಎದುರಾಳಿಗೆ ಏನೂ ಕಾಣದ ಹಾಗೆ ಬಚ್ಚಿಟ್ಟು, ಅವನು ತಪ್ಪುವುದನ್ನೇ ಕಾಯುವುದು ಜಾಣತನವಾಯಿತು. ಅವನು ತಪ್ಪಿದ ಕೂಡಲೇ ಚೆಂಡು ಕೈಗೆ ಬರುತ್ತದೆ, ಆಟ ಚಕಚಕನೆ ಮುಗಿಯುತ್ತದೆ. ಟಿವಿಯವರಿಗೆ ಬೇಕಾದದ್ದೂ ಅದೇ. ಮಾರನೇ ವರ್ಷ ಮೊದಲ ಸುತ್ತಿನಲ್ಲೇ ಉದ್ದಗೈ ಸೋತ. ಸೋಲಿಸಿದ ಹುಡುಗ ಇಡೀ ಪಂದ್ಯದಲ್ಲಿ ಗಟ್ಟಿ ಹೊಡೆತ ಅಂತ ಒಂದನ್ನೂ ಹೊಡೆಯಲಿಲ್ಲವಂತೆ. ಅಲ್ಲಿಂದ ನೇರವಾಗಿ ಈ ಮನೆಗೆ ಬಂದು, ಕ್ಯೂವನ್ನು ಈ ಟೇಬಲ್ಲಿನ ಮೇಲೆ ಎಸೆದು, ಅಕ್ಕ ಊಟಕ್ಕೆ ಕರೆಯುತ್ತಿದ್ದರೂ ತಿರುಗಿ ನೋಡದೆ ಹೋಗಿದ್ದ.

“ಹಾಗಾದ್ರೆ ಭಾವನ ಮೇಲೆ ಸಿಟ್ಟಿತ್ತು.”

“ಇತ್ತು. ಬೇಕಾದಷ್ಟು.” ಆತ ತಡವರಿಸದೆ ಹೇಳಿದ. “ಆದ್ರೆ ಅವರು ಮಾಡಿದ್ದು ತಪ್ಪಲ್ಲ ಅಂತ ಆಮೇಲೆ ಗೊತ್ತಾಯ್ತು. ನಮ್ಮ ಕಾಲದಲ್ಲಿ ಉದ್ದ ಕೈ, ಗಟ್ಟಿ ಎದೆ ಇದ್ದೋನು ಗೆಲ್ತಿದ್ದ. ಅಷ್ಟೆತ್ತರ ಇಲ್ಲದ ಹುಡುಗೀರು ಟೇಬಲ್ ಹತ್ರಾನೇ ಬರ್ತಿರಲಿಲ್ಲ. ಈಗ ನೋಡಿ, ನಮ್ಮಕ್ಕನ ಮಗಳು ಚಾಂಪಿಯನ್. ಅವಳಿಗಿರೋದು ತಲೆ. ಹಳೇ ಆಟದಲ್ಲಿ ಅವಳಿಗೆ ಇಷ್ಟು ಬೇಗ ಜಾಗ ಸಿಗ್ತಿರಲಿಲ್ಲ.”

ಇನ್ಸ್‌ಪೆಕ್ಟರಿಗೆ ಒಂದು ಅನುಮಾನ ಬಂತು. ಹೊಸ ಆಟವನ್ನು ಕಣ್ಣೆತ್ತಿಯೂ ನೋಡಿಲ್ಲ ಎಂದು ಈತನೇ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದ. ನೋಡದವನಿಗೆ ಆಕೆ ಹೇಗೆ ಆಡುತ್ತಾಳೆಂದು ಹೇಗೆ ಗೊತ್ತು? ಅದನ್ನು ಕೆದಕಲು ಇದು ಹೊತ್ತಲ್ಲ ಎಂದುಕೊಂಡಳು.

“ಸಿಟ್ಟು ಹೋಗಿದ್ರೆ ಮನೆಗೆ ಬರಬಹುದಿತ್ತಲ್ಲ.”

“ಸಿಟ್ಟು ಹೋಯ್ತು. ಮುಖ ಉಳೀಲಿಲ್ಲ.”

ಹೇಳಿ, ಆತ ಟೇಬಲ್ಲನ್ನು ಬಳಸಿಕೊಂಡು ಬಿಳಿ ಚೆಂಡಿನ ಕಡೆಗೆ ನಡೆದ. ಅಲ್ಲಿ ನಿಂತು ಬೆರಳು ತೋರಿಸಿದ.

“ಇಲ್ಲಿ ಬನ್ನಿ ಮೇಡಂ. ನಿಮ್ಮ ರೆಫರಿ ಹುಡುಗ ಚುಕ್ಕೆ ನೋಡಿದ. ಇದನ್ನ ನೋಡಲಿಲ್ಲವಾ?”

ಬಿಳಿ ಚೆಂಡು ಏಳನೇ ನಂಬರಿನ ಬೆನ್ನಿಗೆ ಒತ್ತಿಕೊಂಡು ನಿಂತಿತ್ತು. ಆತ ಹೇಳಿದ ಹಾಗೆ ಅವಳು ಬಗ್ಗಿ, ಬಿಳಿ ಚೆಂಡಿನ ಹಿಂದಿನಿಂದ ಎದುರಿಗೆ ನೋಡಿದಳು. ಟೇಬಲ್ಲಿನ ಮೇಲೆ ಉಳಿದದ್ದರಲ್ಲಿ ಅತಿ ಚಿಕ್ಕದಾದ, ಈಗ ಹೊಡೆಯಬೇಕಾದ ನಾಲ್ಕನೇ ನಂಬರು ಏಳರ ಮರೆಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಒಂದು ಎಳೆಯಷ್ಟೂ ಕಾಣುತ್ತಿರಲಿಲ್ಲ.

“ಬಚ್ಚಿಟ್ಟಿದ್ದಾರೆ,” ಎಂದಳು.

“ಹೌದು. ಹಳೇ ಆಟದಲ್ಲಿ ಯಾರು ಹೀಗೆ ಬಚ್ಚಿಡ್ತಾರೆ? ಎದುರಿನೋನು ಬಂದು ಬಿಳಿ ಚೆಂಡನ್ನ ಆ ಕಡೆ ಉರುಳಿಸಿ, ನೀನು ಹೊಡೀತೀಯಾ ಅಂತಾನೆ. ಪಟ್ಟ ಪಾಡೆಲ್ಲ ನೀರಿಗೆ ಹೋಯ್ತು. ಆಗ ಬಚ್ಚಿಡೋದಕ್ಕೆ ಅರ್ಥಾನೇ ಇರಲಿಲ್ಲ.”

ಅವಳು ಒಮ್ಮೆ ಚುಕ್ಕೆಯ ಮೇಲಿನ ನಾಲ್ಕನ್ನು, ಒಮ್ಮೆ ಬಿಳಿ ಚೆಂಡನ್ನು ನೋಡಿದಳು.

“ಅರ್ಧ ನನ್ನ ಕಾಲದ ಆಟ, ಅರ್ಧ ಈ ಕಾಲದ್ದು,” ಎಂದ ಉದ್ದಗೈ. “ಎರಡೂ ಒಂದೇ ಟೇಬಲ್ ಮೇಲೆ ಇರೋಕೆ ಸಾಧ್ಯ ಇಲ್ಲ. ಇದು ಯಾರೂ ಆಡಿದ ಆಟ ಅಲ್ಲ. ಯಾರೋ ಕೈಯಿಂದ ಜೋಡಿಸಿಟ್ಟಿದ್ದು. ಚುಕ್ಕೆ ವಿಷಯ ಅವರಿಗೆ ಕೇಳಿ ಗೊತ್ತು. ಆದ್ರೆ ಕೈ ಮಾತ್ರ ಹೊಸ ಆಟದ್ದು. ಬಿಳಿ ಚೆಂಡು ಕೈಗೆ ಬಂದ್ರೆ ಅದನ್ನ ಬಚ್ಚಿಡದೆ ಬಿಡೋಕೆ ಆಗಲ್ಲ.”

“ನೀವೇ ಬೇಕಂತ ಹೀಗೆ ಜೋಡಿಸಿರಬಹುದು.”

“ತಪ್ಪು ನನ್ನ ಮೇಲೆ ಬರಲಿ ಅಂತ ನನ್ನ ಕ್ಯೂನ ಟೇಬಲ್ ಮೇಲಿಟ್ಟು, ನನ್ನ ಮೇಲೆ ಬರದಿರಲಿ ಅಂತ ಚೆಂಡು ಬಚ್ಚಿಟ್ನಾ?”

ಈತನನ್ನು ಕರೆದೊಯ್ಯಲು ಹೊರಗೆ ಜೀಪು ನಿಂತಿತ್ತು. ಬಂಧನದ ಕಾಗದಕ್ಕೆ ಸಹಿಯೂ ಬಿದ್ದಾಗಿತ್ತು. ಒಂದು ಚೆಂಡು ಇನ್ನೊಂದರ ಹಿಂದೆ ಇದೆ ಎಂಬ ಕಾರಣಕ್ಕೆ ಸಾಹೇಬರ ಮುಂದೆ ಹೋಗಿ ಬೇಡ ಎನ್ನುವುದು ಹೇಗೆ ಎಂದು ಅವಳಿಗೆ ಚಿಂತೆ ಹತ್ತಿತು. ಆದರೆ ಈತ ಹೇಳಿದ್ದು ಸರಿ ಎಂದು ಮನಸ್ಸು ಆಗಲೇ ಒಪ್ಪಿಕೊಂಡಿತ್ತು.

ಕೊನೆಯದಾಗಿ ಕೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಅವಳು ಈಗಲೇ ತೆಗೆದಳು.

“ನಿಮ್ಮ ಭಾವ ಮುಂದಿನ ಚಾಂಪಿಯನ್‌ಶಿಪ್‌ನಿಂದ ಹಳೇ ನಿಯಮ ವಾಪಸ್ ತರೋರಿದ್ರು. ನಿಮಗೆ ಗೊತ್ತಿತ್ತಾ?”

ಉದ್ದಗೈ ಅವಳನ್ನೇ ನೋಡಿದ. ಕೇಳಿಸಲಿಲ್ಲವೇನೋ ಎಂಬಂತೆ ಕಿವಿಯ ಹತ್ತಿರ ಕೈ ಒಯ್ದು ಹಾಗೇ ಇಳಿಸಿದ.

“ಭಾವ ಹಾಗಂದ್ರಾ?”

ಸಂಘದ ಕಾರ್ಯದರ್ಶಿ ಇಂದು ಬೆಳಗ್ಗೆ ತಿಳಿಸಿದ್ದನ್ನು ಅವಳು ಹೇಳಿದಳು. ಈಗ ಎಲ್ಲರೂ ಬರೀ ಬಚ್ಚಿಡುತ್ತಾರೆ, ಯಾರೂ ಹೊಡೆಯುವುದಿಲ್ಲ, ನೋಡುವವರು ಮತ್ತೆ ಆಕಳಿಸುತ್ತಿದ್ದಾರೆ ಎಂದು ರೆಫರಿ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದ್ದರು. ಆಟ ಬದುಕಲಿ ಅಂತ ಒಂದು ಬಾಗಿಲು ಮುಚ್ಚಿದ್ದೆ, ಈಗ ಉಸಿರುಗಟ್ಟುತ್ತಿದೆ, ನಾನೇ ತೆಗೆಯುತ್ತೇನೆ ಎಂದಿದ್ದರು. ತಮ್ಮ ಭಾವಮೈದುನನನ್ನು ಕರೆಸಿ, ಎಲ್ಲರೆದುರು ಮೊದಲ ಆಟ ಅವನಿಂದಲೇ ಆಡಿಸಬೇಕೆಂಬ ಆಸೆಯೂ ಇತ್ತಂತೆ.

ಗೋಡೆಯ ಬದಿಗೆ ಎತ್ತರದ ಸ್ಟೂಲ್ ಇತ್ತು. ಉದ್ದಗೈ ಅದನ್ನು ತಡಕಿ ಹಿಡಿದು ಕುಳಿತ. ಕಿಟಕಿಯಾಚೆ ಒಂದು ಜೊತೆ ಬೂಟುಗಳು ನಿಂತು, ಮತ್ತೆ ಮುಂದೆ ಹೋದವು.

“ನಂಗೆ ಒಂದು ಫೋನ್ ಮಾಡಬಹುದಿತ್ತು,” ಎಂದ ಕೊನೆಗೆ. ಇನ್ನೊಮ್ಮೆ ಅದನ್ನೇ ಹೇಳಿದ.

“ಮಾಡೋ ಮುಂಚೆ ಸತ್ತರು,” ಎಂದಳು ಇನ್ಸ್‌ಪೆಕ್ಟರ್. ಗಡುಸಾಯಿತೇನೋ ಎಂದು ಅನ್ನಿಸಿದರೂ ನಿಲ್ಲಿಸಲಿಲ್ಲ. “ಹಳೇ ನಿಯಮ ಬಂದ್ರೆ ನಿಮಗೆ ಲಾಭ. ನೀವು ಅವರನ್ನ ದಬ್ಬೋಕೆ ಕಾರಣ ಇಲ್ಲ. ನಷ್ಟ ಆಗೋದು ಯಾರಿಗೆ?”

“ಬಚ್ಚಿಟ್ಟು ಗೆಲ್ಲೋರಿಗೆ. ಈಗಿನೋರು ಎಲ್ರೂ ಅದೇ.”

“ಈ ಮನೆಗೆ ಬಂದುಹೋಗೋರಲ್ಲಿ ಯಾರು?”

ಆತ ಎದ್ದು ಮತ್ತೆ ಟೇಬಲ್ಲಿನ ಬಳಿಗೆ ಬಂದ. ಈ ಸಲ ನಿಂತು ನೋಡಲಿಲ್ಲ; ಒಂದು ಮಂಡಿಯೂರಿ, ಕಣ್ಣನ್ನು ಬಟ್ಟೆಯ ಮಟ್ಟಕ್ಕೆ ಇಳಿಸಿ, ಬಿಳಿ ಚೆಂಡು ಏಳಕ್ಕೆ ತಾಗಿದ ಜಾಗವನ್ನೇ ನೋಡಿದ. ಬೆಳಕು ನುಸುಳುವಷ್ಟೂ ಸಂದಿ ಇರಲಿಲ್ಲ.

ಇನ್ಸ್‌ಪೆಕ್ಟರ್ ಚೆಂಡನ್ನು ಬಿಟ್ಟು ಆತನ ಮುಖವನ್ನು ನೋಡುತ್ತಿದ್ದಳು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಗಂಟು ಸಡಿಲವಾಯಿತು. ಆಮೇಲೆ ಆ ಮುಖದಲ್ಲಿ ಏನೂ ಇರಲಿಲ್ಲ, ರಕ್ತವೆಲ್ಲ ಕೆಳಗಿಳಿದ ಹಾಗೆ ಬಿಳಿಚಿಕೊಂಡಿತು.

“ಗುರುತು ಸಿಕ್ತಾ?” ಎಂದಳು ಮೆಲ್ಲಗೆ. “ಇಷ್ಟು ಅಂಟಿಸಿ ಇಡೋರು ಬಹಳ ಜನ ಇರಲಿಕ್ಕಿಲ್ಲ.”

ಅವಳಿಗೆ ತನ್ನ ಅತ್ತೆಯ ಇನ್ನೊಂದು ಮಾತು ನೆನಪಾಗುತ್ತಿತ್ತು. ಟಿವಿಯ ಮುಂದೆ ಕುಳಿತು ಅತ್ತೆ ಈಗಿನ ಚಾಂಪಿಯನ್ ಆಟಗಾರ್ತಿಯನ್ನು ಮಾತ್ರ ವಾರವಾರ ಹೊಗಳುತ್ತಿದ್ದರು. ಮಿಕ್ಕವರೆಲ್ಲ ಬಿಳಿ ಚೆಂಡನ್ನು ಹೇಗೋ ಮರೆಗೆ ತಳ್ಳುತ್ತಾರೆ, ಈ ಹುಡುಗಿ ಮಾತ್ರ ಮಲಗಿದ ಮಗುವಿನ ಪಕ್ಕ ಇನ್ನೊಂದು ಮಗುವನ್ನು ಮಲಗಿಸಿದ ಹಾಗೆ ಇಡುತ್ತಾಳೆ ಎನ್ನುತ್ತಿದ್ದರು.

ಮೇಲಿನಿಂದ ಮಾತು ಕೇಳಿಸಿತು. ಮಗಳಿಗೆ ಹೇಳುತ್ತಿದ್ದ ಅಕ್ಕನ ದಣಿದ ದನಿ. “ಒಂದು ತುತ್ತಾದ್ರೂ ತಿನ್ನೇ. ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ. ನೀನೂ ಹೋಗಿಬಿಟ್ರೆ ನಾನು ಯಾರ ಮುಖ ನೋಡ್ಲಿ?”



ಉದ್ದಗೈ ಟೇಬಲ್ಲಿನ ಅಂಚು ಹಿಡಿದು ಎದ್ದು ನಿಂತ. ಮಂಡಿಯ ಧೂಳು ಕೊಡವಿಕೊಂಡ. ಆಮೇಲೆ ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು, ಎಲ್ಲಿಗೋ ಹೊರಟವನ ಹಾಗೆ ಸಿದ್ಧನಾದ.

“ನಾನೇ ಮಾಡಿದ್ದು ಮೇಡಂ,” ಎಂದ. “ಇಷ್ಟು ಹೊತ್ತು ಹೇಳಿದ್ದು ಸುಳ್ಳು. ಬರ್ಕೊಳ್ಳಿ.”

ಅವಳಿಗೆ ಕೋಪ ಬಂತು. ಈಗಷ್ಟೇ ತಾನಲ್ಲ ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಿದವನು, ಮೇಲಿನ ಒಂದು ದನಿ ಕೇಳಿ ಮಾತು ತಿರುಗಿಸುತ್ತಿದ್ದಾನೆ. ಅಕ್ಕನಿಗೆ ಗಂಡ ಹೋದ, ಮಗಳೂ ಹೋಗದಿರಲಿ ಎಂದು ಇವನು ಕುತ್ತಿಗೆ ಒಡ್ಡಿದರೆ ತಾನು ಸುಮ್ಮನೆ ಹಗ್ಗ ಹಾಕಬೇಕೆ?

“ನಿಮ್ಮ ಭಾವ ಬಿದ್ದ ಕೂಡಲೇ ಸಾಯಲಿಲ್ಲ,” ಎಂದಳು. “ವೈದ್ಯರು ಹೇಳಿದ್ದಾರೆ. ಇಲ್ಲಿ ಯಾರೋ ನಿಧಾನವಾಗಿ ಚೆಂಡು ಜೋಡಿಸ್ತಿದ್ದಾಗ ಅವರಿಗೆ ಇನ್ನೂ ಉಸಿರಿತ್ತು. ಅದನ್ನೂ ನೀವೇ ಮಾಡಿದ್ರಾ?”

“ಅದನ್ನೂ,” ಎಂದ.

“ಸರಿ. ಹಾಗಾದ್ರೆ ತೋರಿಸಿ. ತಲೆ ಎಲ್ಲಿಗೆ ಬಡೀತು?”

ಸುಳ್ಳು ಇಲ್ಲಿ ಸಿಕ್ಕಿಬೀಳುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು. ರೆಫರಿಯ ಹೆಣ ಸಿಕ್ಕಿದ್ದು ಮೆಟ್ಟಿಲಿನ ಬುಡದಲ್ಲಿ. ಪತ್ರಿಕೆಗಳೂ ಕೆಳಗಿನ ಮೆಟ್ಟಿಲಿಗೆ ತಲೆ ಬಡಿದು ಸತ್ತರೆಂದೇ ಬರೆದಿದ್ದವು. ಪೆಟ್ಟು ಬಿದ್ದ ಜಾಗ ಬೇರೆ ಎಂದು ತಿಳಿದಿದ್ದವರು ಪ್ರಯೋಗಾಲಯದವರು ಮತ್ತು ಅವಳು, ಅಷ್ಟೇ. ಯಾರೋ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ದೇಹವನ್ನು ಮೆಟ್ಟಿಲಿನ ತನಕ ಎಳೆದಿದ್ದರು.

ಉದ್ದಗೈ ಮೆಟ್ಟಿಲಿನ ಕಡೆ ತಿರುಗಿಯೂ ನೋಡಲಿಲ್ಲ.

ಟೇಬಲ್ಲನ್ನು ಸುತ್ತಿಕೊಂಡು ನಡೆದ. ಒಂದು ಮೂಲೆ ದಾಟಿದ. ಮುಂದಿನದನ್ನೂ ದಾಟಿದ. ಕಿಟಕಿಯ ಕೆಳಗಿನ ಮೂಲೆಗೆ ಬಂದು ನಿಂತು, ತನ್ನ ಉದ್ದನೆಯ ಕೈಯನ್ನು ಚಾಚಿ, ಮರದ ಅಂಚಿನ ಮೇಲಲ್ಲ, ಅದರ ಅಡಿಗೆ, ಮರ ಕೂಡುವ ಸಂದಿಗೆ ಬೆರಳು ಒತ್ತಿದ. ಪ್ರಯೋಗಾಲಯದವರು ರಕ್ತದ ಕಲೆ ಕೆರೆದುಕೊಂಡಿದ್ದ ಸಂದಿ ಅದೇ.

ಇದು ಗೊತ್ತಿರಬೇಕಾದರೆ ಆ ದಿನ ಈತನೂ ಈ ಕೋಣೆಯಲ್ಲಿದ್ದ ಎಂದು ಇನ್ಸ್‌ಪೆಕ್ಟರಿಗೆ ಹೊಳೆಯಿತು.

“ಇಲ್ಲಿ,” ಎಂದ ಉದ್ದಗೈ. “ಒರೆಸಿದ್ದೂ ನಾನೇ.”